ವರ್ಧಿತ ವಾಸ್ತವವೂ ನಮ್ಮೂರ ಸುರಂಗಗಳೂ

ಕಳೆದ ಬೇಸಗೆಯಲ್ಲಿ ನಮ್ಮ ನೆರೆಯ ಮನೆಯೊಂದರ ಸುರಂಗದ ನೀರು ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಕೆಂಪಾಯಿತು. ನಾಲ್ಕು ದಿನಗಳಲ್ಲಿ ನಿಂತೇಹೋಯಿತು. ಮೂರು ತಲೆಮಾರಿನ ಕಾಲ ಆ ಮನೆಗೆ ಕುಡಿಯಲೂ ತೋಟಕ್ಕೆ ಹಾಯಿಸಲೂ ಒದಗಿದ ನೀರು ಅದು. ಕಾರಣವನ್ನು ಹುಡುಕಿದಾಗ ತಿಳಿದುಬಂದುದೇನೆಂದರೆ, ಗುಡ್ಡದ ಮೇಲ್ಭಾಗದಲ್ಲಿ ಹೊಸ ಮನೆಯೊಂದನ್ನು ಕಟ್ಟುವುದಕ್ಕಾಗಿ ಯಂತ್ರವಿಳಿಸಿ ನೆಲವನ್ನು ತಗ್ಗಿಸಿದ್ದರು. ಆ ಭಾರಕ್ಕೂ ಅದುರಿಗೂ ಒಳಗಿನ ಸುರಂಗದ ಮಾಡು ಕುಸಿದಿತ್ತು. ಮೇಲಿನವರ ತಪ್ಪೆಂದು ಹೇಳುವಂತಿಲ್ಲ. ತಮ್ಮ ಕಾಲಡಿಯಲ್ಲಿ ಸುರಂಗವಿದೆಯೆಂಬುದು ಅವರಿಗೆ ತಿಳಿದಿರಲಿಲ್ಲ. ಕೆಳಗಿನವರಿಗಾದರೂ ಸುರಂಗದ ಬಾಯಿ ಗೊತ್ತಿತ್ತೇ ಹೊರತು ಅದು ಗುಡ್ಡದೊಳಗೆ ಯಾವ ಕಡೆಗೆ ತಿರುಗಿ ಎಷ್ಟು ದೂರ ಹೋಗಿದೆಯೆಂಬುದು ಗೊತ್ತಿರಲಿಲ್ಲ. ಅದನ್ನು ಬಲ್ಲವರೆಂದರೆ ತೋಡಿದವರ ಮಗನಾದ ಒಬ್ಬ ಹಿರಿಯರು. ಅವರು ತೀರಿಹೋಗಿ ಎರಡು ವರ್ಷಗಳಾಗಿದ್ದುವು.

ಈ ಸಂಗತಿ ತರಗತಿಯಲ್ಲಿ ಮಾತಿಗೆ ಬಂದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು, “ಮಾಸ್ಟ್ರೇ, ಗುಡ್ಡದ ಮೇಲೆ ನಿಂತು ಮೊಬೈಲನ್ನು ನೆಲಕ್ಕೆ ಹಿಡಿದರೆ ಒಳಗಿನ ಸುರಂಗ ಅದರಲ್ಲಿ ಗೆರೆಯಾಗಿ ಕಾಣುವ ಹಾಗೆ ಮಾಡಲಿಕ್ಕೆ ಆಗುವುದಿಲ್ಲವಾ?” ಎಂದು ಕೇಳಿದಳು. “ಆಗುತ್ತದೆ” ಎಂದೆ. ಆದರೆ ಹೇಗೆ ಆಗುತ್ತದೆ, ಆಗಬೇಕಾದರೆ ಮೊದಲು ಏನು ನಡೆದಿರಬೇಕು ಎಂಬ ವಿವರಣೆ ಆ ಮುಕ್ಕಾಲು ಗಂಟೆಯಲ್ಲಿ ಮುಗಿಯಲಿಲ್ಲ. ಅಂದು ಉಳಿದುಹೋದ ಉತ್ತರವನ್ನೇ ಈ ಸಂಚಿಕೆಯ ಮೂಲಕ ವಿದ್ಯಾರ್ಥಿಗಳ ಮುಂದೆಯೂ ಅವರ ತಾಯಿತಂದೆಯರ ಮುಂದೆಯೂ ಇಡುತ್ತಿದ್ದೇನೆ.

ಹುಡುಗಿ ಕೇಳಿದ ವಿದ್ಯೆಗೆ ಇಂಗ್ಲಿಷಿನಲ್ಲಿ ‘ಆಗ್ಮೆಂಟೆಡ್ ರಿಯಾಲಿಟಿ’ ಎಂದು ಹೆಸರು. ಕನ್ನಡದಲ್ಲಿ ‘ವರ್ಧಿತ ವಾಸ್ತವ’ ಎನ್ನುತ್ತಾರೆ. ಎದುರಿಗಿರುವ ನಿಜವಾದ ನೋಟವನ್ನು ಮರೆಮಾಡದೆ, ಅದರ ಮೇಲೆಯೇ ಬರಹವನ್ನೋ ಚಿತ್ರವನ್ನೋ ಗೆರೆಯನ್ನೋ ಕೂಡಿಸಿ ತೋರಿಸುವುದು ಎಂದರ್ಥ. ಈ ಹೆಸರು ಹೊಸತಾದರೂ ಕಲ್ಪನೆ ನಮಗೆ ಹೊಸತಲ್ಲ. ಪಾರ್ತಿಸುಬ್ಬನು ಹುಟ್ಟಿದ ಈ ಕುಂಬಳೆ ಸೀಮೆಯಲ್ಲಿ ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ ಹಾಕಿ ಆಟ ಆಡುತ್ತಾರಷ್ಟೆ. ಭಾಗವತರ ಪದಕ್ಕೆ ಹನುಮಂತನ ವೇಷ ಹಾರಿದಾಗ ನಮಗೆ ಗದ್ದೆಯೂ ಕಾಣುತ್ತದೆ, ಕಡಲೂ ಕಾಣುತ್ತದೆ. ಗದ್ದೆಯನ್ನು ಯಾರೂ ಮರೆಮಾಡಲಿಲ್ಲ. ಕಡಲನ್ನು ಅದರ ಮೇಲೆ ತಂದಿಟ್ಟರು. ಇದಕ್ಕೆ ಬದಲಾಗಿ ಕಣ್ಣುಗಳನ್ನು ಪೂರ್ತಿಯಾಗಿ ಮುಚ್ಚಿ ಕೇವಲ ಕಲ್ಪಿತ ಜಗತ್ತನ್ನೇ ತೋರಿಸುವ ಉಪಕರಣಗಳೂ ಉಂಟು. ಅದು ‘ವರ್ಚುವಲ್ ರಿಯಾಲಿಟಿ’, ಎಂದರೆ ಕಲ್ಪಿತ ವಾಸ್ತವ. ಇವೆರಡರ ನಡುವಣ ಎಲ್ಲ ಮೆಟ್ಟಿಲುಗಳಿಗೂ ಸೇರಿ ಪಾಲ್ ಮಿಲ್‌ಗ್ರಾಮ್ ಮತ್ತು ಫುಮಿಯೋ ಕಿಶಿನೋ ಎಂಬ ವಿದ್ವಾಂಸರು 1994ರಲ್ಲಿ ‘ಮಿಶ್ರ ವಾಸ್ತವ’ ಎಂದು ಹೆಸರಿಟ್ಟರು. ಇತ್ತೀಚೆಗೆ ಈ ಮಾತನ್ನು, ಕೂಡಿಸಿದ ವಸ್ತು ನಿಜವಾದ ವಸ್ತುವಿನೊಡನೆ ಹೊಂದಿಕೊಂಡು ವರ್ತಿಸುವ ಸಂದರ್ಭಕ್ಕೆ ವಿಶೇಷವಾಗಿ ಬಳಸುತ್ತಾರೆ: ಕಲ್ಪಿತ ಚೆಂಡು ನಿಜವಾದ ಮೇಜಿನ ಮೇಲೆ ನಿಲ್ಲಬೇಕು, ನಿಜವಾದ ಕಂಬದ ಹಿಂದೆ ಉರುಳಿದರೆ ಮರೆಯಾಗಬೇಕು.

ಈ ಬಗೆಯ ಮೊತ್ತಮೊದಲ ಉಪಕರಣವನ್ನು ಅಮೆರಿಕದ ಐವನ್ ಸದರ್ಲೆಂಡ್ ಎಂಬವರು 1968ರಲ್ಲಿ ಜಗತ್ತಿನ ಮುಂದಿಟ್ಟರು. ತಲೆಗೆ ಧರಿಸಿದಾಗ, ಕೋಣೆಯ ನಿಜವಾದ ನೋಟದ ಮೇಲೆ ಬೆಳಕಿನ ಗೆರೆಗಳಿಂದಾದ ಒಂದು ಘನಾಕೃತಿ ತೇಲುವಂತೆ ಕಾಣುತ್ತಿತ್ತು. ಅಷ್ಟೇ. ಆದರೆ ಆ ಉಪಕರಣದ ಇನ್ನೊಂದು ಅಂಗವನ್ನು ಗಮನಿಸಬೇಕು. ಶಿರಸ್ತ್ರಾಣದಿಂದ ಕೋಣೆಯ ಮಾಡಿಗೆ ಒಂದು ಲೋಹದ ದಂಡವನ್ನು ಜೋಡಿಸಿದ್ದರು. ತಲೆ ಎಲ್ಲಿದೆ, ಯಾವ ಕಡೆಗೆ ವಾಲಿದೆ ಎಂಬುದನ್ನು ಆ ದಂಡ ಗಣಕಯಂತ್ರಕ್ಕೆ ತಿಳಿಸುತ್ತಿತ್ತು. ತಲೆ ತಿರುಗಿದಂತೆ ಚಿತ್ರವೂ ತಿರುಗದಿದ್ದರೆ ಘನಾಕೃತಿ ಕೋಣೆಯಲ್ಲಿ ಇರುವಂತೆ ತೋರದು; ಕನ್ನಡಕದ ಗಾಜಿಗೆ ಅಂಟಿದ ಕೊಳೆಯಂತೆ ತೋರುತ್ತದೆ. ಅಂದಿನಿಂದ ಇಂದಿನವರೆಗೆ ಈ ವಿದ್ಯೆಯ ಕಷ್ಟವೆಲ್ಲ ಅಲ್ಲಿಯೇ ಇದೆ. ಚಿತ್ರ ಬರೆಯುವುದು ಸುಲಭ. ನೋಡುವವನು ಎಲ್ಲಿ ನಿಂತಿದ್ದಾನೆ, ಎತ್ತ ನೋಡುತ್ತಿದ್ದಾನೆ ಎಂಬುದನ್ನು ತಿಳಿಯುವುದು ಕಷ್ಟ. ಮಾಡಿನ ದಂಡವನ್ನು ತೆಗೆದುಹಾಕಿ, ಬಯಲಿನಲ್ಲಿ ನಡೆದಾಡುವವನಿಗೂ ಇದು ಒದಗುವಂತೆ ಮಾಡಲು ಮೂವತ್ತು ವರ್ಷಗಳು ಬೇಕಾದುವು.

ಎಲ್ಲಿ ನಿಂತಿದ್ದಾನೆ ಎಂಬ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ. ನಮ್ಮ ಬದಿಯಡ್ಕವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹನ್ನೆರಡೂವರೆ ಡಿಗ್ರಿಗಿಂತ ತುಸು ಮೇಲೆ, ಗ್ರೀನಿಚ್ಚಿನಿಂದ ಪೂರ್ವಕ್ಕೆ 75 ಡಿಗ್ರಿಗಿಂತ ತುಸು ಆಚೆ ಇದೆ. 75ನೆಯ ರೇಖಾಂಶವು ಕುಂಬಳೆಗೂ ಬದಿಯಡ್ಕಕ್ಕೂ ನಡುವೆ ಹಾದುಹೋಗುತ್ತದೆ. ಇದರಿಂದ ಒಂದು ವಿನೋದವುಂಟು. ಭಾರತದ ಗಡಿಯಾರ 82½ ಡಿಗ್ರಿ ರೇಖಾಂಶದ ಕಾಲವನ್ನು ತೋರಿಸುತ್ತದೆ. ನಾವು ಅದಕ್ಕಿಂತ ಏಳೂವರೆ ಡಿಗ್ರಿ ಪಶ್ಚಿಮದಲ್ಲಿದ್ದೇವೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆದುದರಿಂದ ನಮ್ಮಲ್ಲಿ ಸೂರ್ಯನು ಉತ್ತುಂಗಕ್ಕೇರುವುದು ಗಡಿಯಾರದ ಹನ್ನೆರಡಕ್ಕಲ್ಲ, ಸರಾಸರಿಯಾಗಿ ಹನ್ನೆರಡೂವರೆಗೆ. ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು ಅತ್ಯಂತ ಗಿಡ್ಡ ನೆರಳು ಯಾವಾಗ ಬೀಳುತ್ತದೆಂದು ನೋಡಿದರೆ ಇದು ತಿಳಿಯುತ್ತದೆ. ವರ್ಷದ ಕಾಲಕ್ಕನುಸರಿಸಿ ಕಾಲು ಗಂಟೆಯಷ್ಟು ಹಿಂದುಮುಂದಾಗುವುದುಂಟು. ಗಡಿಯಾರವನ್ನು ಸರಿಯಾಗಿ ಬಲ್ಲವನಿಗೆ ತಾನು ನಿಂತ ಸ್ಥಳವೂ ತಿಳಿಯುತ್ತದೆ ಎಂಬ ಈ ಹಳೆಯ ತತ್ತ್ವದ ಮೇಲೆಯೇ ಇಂದಿನ ಉಪಗ್ರಹ ವ್ಯವಸ್ಥೆಯೂ ನಿಂತಿದೆ.

ಅದು ಹೇಗೆಂದರೆ: ಕುಂಬಳೆ ಬೆಡಿಯನ್ನು ನೀವೆಲ್ಲ ನೋಡಿದ್ದೀರಿ. ದೂರದಲ್ಲಿ ನಿಂತವನಿಗೆ ಮೊದಲು ಬೆಳಕು ಕಾಣುತ್ತದೆ, ಆಮೇಲೆ ಶಬ್ದ ಕೇಳುತ್ತದೆ. ಶಬ್ದ 3 ಸೆಕೆಂಡು ತಡವಾದರೆ ಬೆಡಿ ಸುಮಾರು 1 ಕಿಲೋಮೀಟರು ದೂರದಲ್ಲಿದೆ. ಹಾಗಾದರೆ ನೀವು ಬೆಡಿಯ ಸುತ್ತ 1 ಕಿಲೋಮೀಟರಿನ ವೃತ್ತದಲ್ಲಿ ಎಲ್ಲಿಯೋ ನಿಂತಿದ್ದೀರಿ. ಅದೇ ರಾತ್ರಿ ಇನ್ನೊಂದು ದೇವಸ್ಥಾನದಲ್ಲಿಯೂ ಬೆಡಿಯಿದ್ದು ಅದರ ತಡವನ್ನೂ ಅಳೆದರೆ ಎರಡು ವೃತ್ತಗಳು ಎರಡು ಬಿಂದುಗಳಲ್ಲಿ ಕೂಡುತ್ತವೆ. ಮೂರನೆಯದು ದೊರೆತರೆ ಒಂದೇ ಬಿಂದು ಉಳಿಯುತ್ತದೆ. ಆಕಾಶದಲ್ಲಿ ಬೆಡಿಯ ಬದಲು ಉಪಗ್ರಹಗಳು, ಶಬ್ದದ ಬದಲು ರೇಡಿಯೋ ತರಂಗಗಳು. ಪ್ರತಿಯೊಂದು ಉಪಗ್ರಹವೂ “ನಾನು ಇಂತಹ ಕಡೆ ಇದ್ದೇನೆ, ಈಗ ಇಷ್ಟು ಹೊತ್ತು” ಎಂದು ಸದಾ ಸಾರುತ್ತಿರುತ್ತದೆ. ಮೊಬೈಲು ಆ ಸಂದೇಶ ಎಷ್ಟು ತಡವಾಗಿ ಬಂತೆಂದು ನೋಡಿ ದೂರವನ್ನು ಲೆಕ್ಕಹಾಕುತ್ತದೆ. ಮೂರು ಉಪಗ್ರಹಗಳು ಸ್ಥಳವನ್ನೂ ಎತ್ತರವನ್ನೂ ಹೇಳಬಲ್ಲವು. ಆದರೆ ನಮ್ಮ ಮೊಬೈಲಿನ ಗಡಿಯಾರ ಅಷ್ಟು ನಂಬತಕ್ಕದ್ದಲ್ಲವಾದುದರಿಂದ ಅದರ ತಪ್ಪನ್ನು ತಿದ್ದಲು ನಾಲ್ಕನೆಯದೂ ಬೇಕು.

ಬೆಳಕಿನಂತೆಯೇ ರೇಡಿಯೋ ತರಂಗವೂ ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಓಡುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ಸ್ಥಳ 300 ಮೀಟರು ತಪ್ಪುತ್ತದೆ. ಆದಕಾರಣ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನಿಡುತ್ತಾರೆ. ಅಮೆರಿಕದ ‘ಜಿ.ಪಿ.ಎಸ್.’ ಉಪಗ್ರಹಗಳು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತವೆ. ಐನ್‌ಸ್ಟೀನರ ಸಾಪೇಕ್ಷತಾ ಸಿದ್ಧಾಂತದಂತೆ ಅಲ್ಲಿನ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದ 38 ಭಾಗದಷ್ಟು ಮುಂದೆ ಓಡುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗಿಂತ ಹೆಚ್ಚು ತಪ್ಪು ಸೇರಿಕೊಳ್ಳುತ್ತಿತ್ತು. ಸಾಪೇಕ್ಷತೆಯಿಂದ ಸಾಮಾನ್ಯ ಮನುಷ್ಯನಿಗೆ ಏನುಪಯೋಗವೆಂದು ಕೇಳುವವರಿಗೆ ಇದು ಉತ್ತರ.

ಆ ವ್ಯವಸ್ಥೆಯನ್ನು ಕಟ್ಟಿದ್ದು ಸೈನ್ಯಕ್ಕಾಗಿ. 2000ದ ಮೇ ತಿಂಗಳಿನವರೆಗೆ ಸಾಮಾನ್ಯರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ತಪ್ಪನ್ನು ಬೆರೆಸುತ್ತಿದ್ದರು. ನೂರು ಮೀಟರಿನಷ್ಟು ವ್ಯತ್ಯಾಸವಾಗುತ್ತಿತ್ತು. ಪರರ ಗಡಿಯಾರವನ್ನು ನಂಬಿದವನಿಗೆ ಇಂತಹ ಭಯ ಇದ್ದದ್ದೇ. ಭಾರತವೂ ತನ್ನದೇ ಉಪಗ್ರಹಗಳನ್ನು ನಿರ್ಮಿಸಿತು. ಮೊದಲನೆಯದು 2013ರ ಜುಲೈ 1ರಂದು ಹಾರಿತು. 2016ರಲ್ಲಿ ಏಳನೆಯದು ಹಾರಿದಾಗ ಈ ವ್ಯವಸ್ಥೆಗೆ ‘ನಾವಿಕ್’ ಎಂದು ನಾಮಕರಣವಾಯಿತು. ಇವುಗಳಿಗೆ ಕಾಲ ಮತ್ತು ಪಥದ ಲೆಕ್ಕವನ್ನು ಒದಗಿಸುವ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳು ಗ್ರಾಮದಲ್ಲಿದೆ. ಉಪಗ್ರಹಗಳನ್ನು ಅವುಗಳ ಕಕ್ಷೆಗೆ ಏರಿಸಿ ನಿಲ್ಲಿಸುವ ಕಾರ್ಯ ಹಾಸನದ ಕೇಂದ್ರದಿಂದ ನಡೆಯುತ್ತದೆ. ದಾರಿ ಸುಗಮವಾಗಿತ್ತೆಂದಲ್ಲ. ಮೊದಲ ಉಪಗ್ರಹದಲ್ಲಿ ವಿದೇಶದಿಂದ ತರಿಸಿದ್ದ ಮೂರು ಪರಮಾಣು ಗಡಿಯಾರಗಳೂ ಕೆಟ್ಟುಹೋದುವು. ಅದರ ಬದಲಿಗೆ 2017ರಲ್ಲಿ ಕಳುಹಿಸಿದ್ದು ಹೊದಿಕೆ ಬಿಚ್ಚಿಕೊಳ್ಳದೆ ವ್ಯರ್ಥವಾಯಿತು. ನಮ್ಮಲ್ಲಿಯೇ ತಯಾರಾದ ಪರಮಾಣು ಗಡಿಯಾರವನ್ನು ಹೊತ್ತ ಉಪಗ್ರಹ 2023ರ ಮೇ 29ರಂದು ಹಾರಿ ಯಶಸ್ವಿಯಾಯಿತು. 2025ರ ಜನವರಿಯಲ್ಲಿ ಹಾರಿದ ಅದರ ಜೊತೆಗಾರನಿಗೆ ಕವಾಟವೊಂದು ತೆರೆಯದೆ ನಿಗದಿಯಾದ ಕಕ್ಷೆಗೆ ಏರಲಾಗಲಿಲ್ಲ.

ಹೀಗೆಲ್ಲ ಆಗಿ, ತೆರೆದ ಬಯಲಿನಲ್ಲಿ ನಿಂತವನ ಮೊಬೈಲು ಅವನ ಸ್ಥಳವನ್ನು ಸುಮಾರು 5 ಮೀಟರಿನೊಳಗೆ ಹೇಳಬಲ್ಲದು. ಅಡಿಕೆ ತೋಟದೊಳಕ್ಕೆ ಹೋದಿರೋ, ಈ ಮಾತು ನಿಲ್ಲುವುದಿಲ್ಲ. ಸೋಗೆಗಳು ಸಂಕೇತವನ್ನು ಕ್ಷೀಣಗೊಳಿಸುತ್ತವೆ. ಎರಡೂ ಕಡೆಯ ಗುಡ್ಡಗಳು ಆಕಾಶದ ಅರ್ಧವನ್ನು ಮರೆಮಾಡುತ್ತವೆ. ಬಂಡೆಗೆ ಬಡಿದು ಬಂದ ಸಂಕೇತ ನೇರವಾಗಿ ಬಂದುದಕ್ಕಿಂತ ತಡವಾಗಿ ತಲಪಿ ದೂರವನ್ನು ಹೆಚ್ಚಿಸಿ ಹೇಳುತ್ತದೆ. ನಿಂತಲ್ಲೇ ನಿಂತಿದ್ದರೂ ಪರದೆಯ ಮೇಲಿನ ನೀಲಿ ಚುಕ್ಕೆ ತೋಡಿನಾಚೆಗೆ ಹೋಗಿ ಬರುವುದನ್ನು ಅನೇಕರು ಕಂಡಿರಬಹುದು. ಸುರಂಗದೊಳಗಂತೂ ಉಪಗ್ರಹದ ಸುಳಿವೇ ಇಲ್ಲ.

ಎರಡನೆಯ ಪ್ರಶ್ನೆ, ಎತ್ತ ನೋಡುತ್ತಿದ್ದಾನೆ ಎಂಬುದು. ಮೊಬೈಲಿನೊಳಗೆ ಅಕ್ಕಿಕಾಳಿಗಿಂತ ದೊಡ್ಡದಲ್ಲದ ಕೆಲವು ಯಂತ್ರಗಳಿವೆ. ಭೂಮಿಯ ಕಾಂತತ್ವವನ್ನು ತಿಳಿದು ಉತ್ತರವನ್ನು ಹೇಳುವ ದಿಕ್ಸೂಚಿ ಒಂದು. ತಿರುವನ್ನು ಅಳೆಯುವ ಗೈರೋಸ್ಕೋಪು ಇನ್ನೊಂದು. ಚಲನೆಯ ಏರಿಳಿತವನ್ನೂ ಭೂಮಿ ಯಾವ ಕಡೆಗಿದೆಯೆಂಬುದನ್ನೂ ತಿಳಿಸುವ ವೇಗೋತ್ಕರ್ಷಮಾಪಕ ಮತ್ತೊಂದು. ದಿಕ್ಸೂಚಿ ಬಹಳ ಬೇಗ ಮೋಸಹೋಗುತ್ತದೆ; ಕಬ್ಬಿಣದ ಗೇಟಿನ ಹತ್ತಿರ, ಜೀಪಿನ ಪಕ್ಕದಲ್ಲಿ ಅದರ ಮಾತನ್ನು ನಂಬಲಾಗದು. ದಿಕ್ಕು 10 ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರು ದೂರದ ಗುಡ್ಡದ ಹೆಸರು ಸುಮಾರು 176 ಮೀಟರು ಬದಿಗೆ ಸರಿದು ಪಕ್ಕದ ಗುಡ್ಡದ ತಲೆಯ ಮೇಲೆ ಕುಳಿತುಕೊಳ್ಳುತ್ತದೆ. ಪೊಸಡಿಗುಂಪೆಯ ಮೇಲೆ ನಿಂತು ಇಂತಹ ಒಂದು ಆಪ್ ಅನ್ನು ನಾನೇ ಪರೀಕ್ಷಿಸಿದಾಗ ಅದು ಅರಬ್ಬೀ ಸಮುದ್ರವನ್ನು ತೋರಿಸಿ ಅದಕ್ಕೊಂದು ಗುಡ್ಡದ ಹೆಸರು ಹೇಳಿತು.

ಈ ಕೊರತೆಯನ್ನು ತುಂಬುವುದು ಕ್ಯಾಮರಾ. ಅದು ಎದುರಿನ ದೃಶ್ಯದಲ್ಲಿ ಮೂಲೆ, ಬಿರುಕು, ಕಲೆಗಳಂತಹ ಗುರುತುಗಳನ್ನು ನೂರಾರು ಸಂಖ್ಯೆಯಲ್ಲಿ ಆರಿಸಿಕೊಳ್ಳುತ್ತದೆ. ಕೈ ಅಲುಗಿದಂತೆ ಹತ್ತಿರದ ಗುರುತು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ ಸರಿಯುತ್ತದೆ. ಬಸ್ಸಿನ ಕಿಟಕಿಯಿಂದ ನೋಡಿದಾಗ ಹತ್ತಿರದ ಮರಗಳು ಓಡಿ ದೂರದ ಗುಡ್ಡ ನಮ್ಮೊಡನೆಯೇ ಬರುವಂತೆ ತೋರುವುದಿಲ್ಲವೆ? ಅದೇ ಲೆಕ್ಕದಿಂದ ಮೊಬೈಲು ತನ್ನ ಸುತ್ತಲಿನ ನಕ್ಷೆಯನ್ನೂ ಆ ನಕ್ಷೆಯೊಳಗೆ ತನ್ನ ಸ್ಥಾನವನ್ನೂ ಒಟ್ಟಿಗೆ ಕಟ್ಟಿಕೊಳ್ಳುತ್ತದೆ. ಕೆಲವು ಹೆಜ್ಜೆಗಳ ಮಟ್ಟಿಗೆ ಇದರ ತಪ್ಪು ಬೆರಳಗಲದಷ್ಟೇ. ಆದರೆ ಗುರುತುಗಳಿಲ್ಲದಲ್ಲಿ ಅದು ಕುರುಡು. ಸುಣ್ಣ ಬಳಿದ ನುಣುಪಾದ ಗೋಡೆಯ ಮುಂದೆ ಹಿಡಿದು ನೋಡಿ, ಚಿತ್ರ ಜಾರತೊಡಗುತ್ತದೆ. ನಮ್ಮ ಮುರಕಲ್ಲಿನ ಗೋಡೆಯ ಮುಂದೆ ಹಿಡಿಯಿರಿ, ಅದರ ತೂತುಗಳನ್ನೇ ಹಿಡಿದುಕೊಂಡು ಚಿತ್ರ ಬಂಡೆಯಂತೆ ನಿಲ್ಲುತ್ತದೆ. ಹೊರಗೆ ಗಾರೆಯಿಲ್ಲದ ನಮ್ಮ ಹಳೆಯ ಕಟ್ಟಡಗಳೂ, ಕೆಳದಿಯ ಶಿವಪ್ಪನಾಯಕನು ಕಟ್ಟಿಸಿದ ಬೇಕಲದ ಕೋಟೆಯೂ ಈ ಯಂತ್ರಕ್ಕೆ ಬಲು ಪ್ರಿಯವಾದ ವಸ್ತುಗಳು.

ಮೊದಲೇ ತೆಗೆದ ಬೀದಿಯ ಭಾವಚಿತ್ರಗಳೊಡನೆ ಕ್ಯಾಮರಾದ ನೋಟವನ್ನು ಹೋಲಿಸಿ ಸ್ಥಳವನ್ನು ನಿರ್ಧರಿಸುವ ಕ್ರಮವೂ ಇದೆ. ಗೂಗಲ್ ಸಂಸ್ಥೆ 2019ರಿಂದ ಇದನ್ನು ದಾರಿ ತೋರಿಸಲು ಬಳಸುತ್ತಿದೆ. ಅಂತಹ ಚಿತ್ರಗಳು ಹೇರಳವಾಗಿರುವ ನಗರಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಇಲ್ಲದ ಕಾಡುದಾರಿಯಲ್ಲಿ ನಡೆಯುವುದಿಲ್ಲ.

ಉಪಕರಣಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಕನ್ನಡಕದಂತೆ ಧರಿಸುವ ‘ಗೂಗಲ್ ಗ್ಲಾಸ್’ 2013ರಲ್ಲಿ ಬಂದು ಜನರ ಅಸಮಾಧಾನಕ್ಕೆ ಗುರಿಯಾಗಿ ಹಿಂದೆ ಸರಿಯಿತು. ಮೈಕ್ರೋಸಾಫ್ಟಿನ ‘ಹೋಲೋಲೆನ್ಸ್’ 2016ರಿಂದ ಕಾರ್ಖಾನೆ, ಆಸ್ಪತ್ರೆಗಳಲ್ಲಿ ಬಳಕೆಯಾಯಿತು. 2024ರಲ್ಲಿ ಅದರ ತಯಾರಿಕೆ ನಿಂತಿತು. ಅದೇ ವರ್ಷ ಆಪಲ್ ಸಂಸ್ಥೆ ಹೊರತಂದ ‘ವಿಷನ್ ಪ್ರೋ’ ಅಮೆರಿಕದಲ್ಲಿ 3,499 ಡಾಲರು ಬೆಲೆಯದು, ಅರ್ಧ ಕಿಲೋಗ್ರಾಮಿಗಿಂತ ಹೆಚ್ಚು ಭಾರದ್ದು. ಬಡವರ ಮನೆಯಲ್ಲಿಯೂ ಇರುವ ಸಾಧಾರಣ ಮೊಬೈಲೇ ಸದ್ಯಕ್ಕೆ ಈ ವಿದ್ಯೆಯ ಮುಖ್ಯ ವಾಹನ. 2016ರಲ್ಲಿ ‘ಪೋಕೆಮಾನ್ ಗೋ’ ಎಂಬ ಆಟ ಲೋಕವನ್ನೆಲ್ಲ ಹುಚ್ಚು ಹಿಡಿಸಿದ್ದೂ ಮೊಬೈಲಿನ ಮೂಲಕವೇ. ಪರದೆಯ ಮೇಲೆ ಕಣ್ಣಿಟ್ಟು ನಡೆದು ಬಿದ್ದವರು, ವಾಹನಕ್ಕೆ ಸಿಕ್ಕವರು ಆಗಲೇ ಅನೇಕರಾಗಿದ್ದರು. ಮನೆಯೊಳಗೆ ಇಂತಹ ಆಪ್‌ಗಳನ್ನು ತೆರೆದಾಗ ಕ್ಯಾಮರಾ ನಮ್ಮ ಕೋಣೆಯ ನಕ್ಷೆಯನ್ನೇ ಕಟ್ಟುತ್ತದೆಂಬುದನ್ನೂ ಹೆತ್ತವರು ಗಮನದಲ್ಲಿಡಬೇಕು.

ಈಗ ಹುಡುಗಿಯ ಪ್ರಶ್ನೆಗೆ ಹಿಂತಿರುಗುತ್ತೇನೆ. ಮೊಬೈಲಿಗೆ ತಾನು ಎಲ್ಲಿದ್ದೇನೆಂದು ತಿಳಿಯಿತು, ಎತ್ತ ನೋಡುತ್ತಿದ್ದೇನೆಂದೂ ತಿಳಿಯಿತು. ಇಷ್ಟರಿಂದ ಗುಡ್ಡದೊಳಗಿನ ಸುರಂಗ ಕಾಣುತ್ತದೆಯೇ? ಕಾಣುವುದಿಲ್ಲ. ಮೊಬೈಲಿಗೆ ಮಣ್ಣನ್ನು ತೂರಿ ನೋಡುವ ಕಣ್ಣಿಲ್ಲ. ಯಾರಾದರೂ ಮೊದಲೇ ಸುರಂಗವನ್ನು ಅಳೆದು, ಅದರ ಸ್ಥಾನವನ್ನು ಬರೆದಿಟ್ಟಿದ್ದರೆ ಮಾತ್ರ ಅದು ಆ ಬರಹವನ್ನು ಅದೇ ಜಾಗದಲ್ಲಿ ಎತ್ತಿ ತೋರಿಸುತ್ತದೆ. ಅಳೆಯದಿದ್ದುದು ಅದರ ಪಾಲಿಗೆ ಇಲ್ಲವೇ ಇಲ್ಲ.

ಅಳತೆಯ ಬೆಲೆಯೇನೆಂಬುದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಸಾಕಷ್ಟು ನಿದರ್ಶನಗಳಿವೆ. ವಿಲಿಯಂ ಲ್ಯಾಂಬ್ಟನ್ ಎಂಬ ಸೈನಿಕನು 1800ರಲ್ಲಿ ಬೆಂಗಳೂರಿನ ಹತ್ತಿರ ಏಳು ಮೈಲಿಗಿಂತ ತುಸು ಉದ್ದದ ಒಂದು ನೇರ ರೇಖೆಯನ್ನು ಉಕ್ಕಿನ ಸರಪಣಿಯಿಂದ ಅಳೆದನು. ಎರಡು ವರ್ಷಗಳ ಮೇಲೆ ಮದರಾಸಿನಲ್ಲಿ ಆರಂಭಿಸಿ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಮಂಗಳೂರಿನ ಕರಾವಳಿಯನ್ನು ತಲಪಿದಾಗ, ಪೂರ್ವ ಪಶ್ಚಿಮ ಕಡಲುಗಳ ನಡುವಣ ದೂರವು ಅಂದಿನ ನಕ್ಷೆಗಳು ಹೇಳುತ್ತಿದ್ದ 400 ಮೈಲಿಯಲ್ಲ, 360 ಮೈಲಿಯೇ ಎಂದು ತಿಳಿದುಬಂತು. ನಕ್ಷೆಯಲ್ಲಿದ್ದ 40 ಮೈಲಿ ನೆಲ ಇರಲೇ ಇಲ್ಲ!

ಬೆಂಗಳೂರಿನಲ್ಲಿಯೇ ಈಚೆಗೆ ನಡೆದಿರುವ ಇನ್ನೊಂದು ಕಾರ್ಯ ನಮಗೆ ಹೆಚ್ಚು ಹತ್ತಿರವಾದುದು. ಬಿ. ಎಲ್. ರೈಸ್‌ರವರು ಬೆಂಗಳೂರು ಜಿಲ್ಲೆಯ ಶಿಲಾಶಾಸನಗಳನ್ನು 1905ರಲ್ಲಿ ಪ್ರಕಟಿಸಿದಾಗ ಒಂದೊಂದು ಕಲ್ಲಿನ ಸ್ಥಳವನ್ನೂ ‘ಇಂತಹ ಊರಿನಲ್ಲಿ ಇಂತಹವರ ಹೊಲದಲ್ಲಿ’ ಎಂಬ ರೀತಿಯಲ್ಲಿ ಬರೆದಿದ್ದರು. ಹೊಲದೊಡೆಯರು ತೀರಿಹೋದರು, ಹೊಲಗಳು ಬಡಾವಣೆಗಳಾದುವು. ಎಷ್ಟೋ ಕಲ್ಲುಗಳು ತಳಪಾಯಗಳಲ್ಲಿ ಹೂತುಹೋದುವು. 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿ ಎಂಬ ಸಂಸ್ಥೆ 2021ರಿಂದ ಉಳಿದ ಶಾಸನಗಳನ್ನು ಹುಡುಕಿ, ಕೈಯಲ್ಲಿ ಹಿಡಿಯುವ ಸ್ಕ್ಯಾನರಿನಿಂದ ಕಲ್ಲಿನ ಉಬ್ಬುತಗ್ಗುಗಳನ್ನೆಲ್ಲ ಮೂರು ಆಯಾಮಗಳಲ್ಲಿ ದಾಖಲಿಸಿ, ಅಕ್ಷಾಂಶ ರೇಖಾಂಶಗಳೊಡನೆ ಎಲ್ಲರಿಗೂ ದೊರೆಯುವಂತೆ ಇಡುತ್ತಿದೆ. ಹೆಬ್ಬಾಳದಲ್ಲಿ ಸಿಕ್ಕಿದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲಿನಲ್ಲಿ ಆ ಊರಿನ ಹಳೆಯ ಹೆಸರೇ ಇದೆ. ಹಂಪಿಯ ಬಗ್ಗೆಯೂ ಭಾರತ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜೇ ಮೊದಲಾದ ವಿದ್ಯಾಸಂಸ್ಥೆಗಳ ಸಹಾಯದಿಂದ ‘ಡಿಜಿಟಲ್ ಹಂಪಿ’ ಎಂಬ ಯೋಜನೆಯನ್ನು ನಡೆಸಿದೆ. ಬಿದ್ದ ಮಂಟಪ ಮೊದಲು ಹೇಗಿತ್ತೆಂದು ಅದೇ ಜಾಗದಲ್ಲಿ ಕಣ್ಣಾರೆ ತೋರಿಸಬೇಕಾದರೆ ಇಂತಹ ಅಳತೆಗಳೇ ಬಂಡವಾಳ.

ನಮ್ಮ ಜಿಲ್ಲೆಗೂ ಅಳತೆಯವರು ಬಂದಿದ್ದಾರೆ. ಕೇರಳ ಸರಕಾರದ ‘ಎಂಟೆ ಭೂಮಿ’ ಮರುಸರ್ವೆ 2022ರ ನವೆಂಬರ್ 1ರಂದು ಆರಂಭವಾಯಿತು. ತುದಿಯಲ್ಲಿ ಬಿಳಿಯ ಬಟ್ಟಲನ್ನು ಹೊತ್ತ ಕೋಲನ್ನು ಹಿಡಿದು ಗಡಿಕಲ್ಲುಗಳ ಬಳಿ ನಿಲ್ಲುವ ಆ ಜನರ ಉಪಕರಣ ಉಪಗ್ರಹದ ಸಂಕೇತವನ್ನು ಸ್ಥಿರವಾದ ನೆಲೆಗಳಿಂದ ಬರುವ ತಿದ್ದುಪಡಿಯೊಡನೆ ಕೂಡಿಸಿ ಸೆಂಟಿಮೀಟರುಗಳ ಲೆಕ್ಕದಲ್ಲಿ ಸ್ಥಳವನ್ನು ಹೇಳುತ್ತದೆ. ಆದರೆ ಅವರ ಕೆಲಸ ಜಾಗದ ಎಲ್ಲೆಯನ್ನು ಅಳೆಯುವುದು. ಗುಡ್ಡದೊಳಗಿನ ನೀರಿನ ದಾರಿ ಅವರ ನಕ್ಷೆಗೆ ಸೇರಿದ್ದಲ್ಲ. ನೆಲವನ್ನು ಅಗೆಯುವ ಮೊದಲು ಒಳಗೇನಿದೆಯೆಂದು ವಿಚಾರಿಸಿಕೊಳ್ಳಲು ಭಾರತ ಸರಕಾರ 2023ರ ಮಾರ್ಚಿಯಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆಪ್ ಅನ್ನು ಹೊರತಂದಿದೆ. ಅದೂ ತಂತಿ ಕೊಳವೆಗಳಿಗಾಗಿ ಇರುವಂತಹದು. ಸುರಂಗಗಳನ್ನು ತೋಡಿದವರು ನಾವು. ಬರೆದಿಡಬೇಕಾದವರೂ ನಾವೇ ಎಂದು ತೋರುತ್ತದೆ. ಗಡಿಯಾಚೆಯ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬಂಟಿಗರಾಗಿ ತೋಡಿದ ಕೆಲವು ಸುರಂಗಗಳು ವ್ಯರ್ಥವಾದ ಮೇಲೂ ಬಿಡದೆ ತೋಡಿ ನೀರು ಕಂಡು ಬೋಳುಗುಡ್ಡವನ್ನು ತೋಟ ಮಾಡಿದುದಕ್ಕೆ 2022ರಲ್ಲಿ ಪದ್ಮಶ್ರೀ ಗೌರವ ಸಂದಿತು. ಅಂತಹ ಶ್ರಮದಿಂದಾದ ಸುರಂಗಗಳು ಕಾಸರಗೋಡಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಸಾವಿರಾರಿವೆ.

ಹೆಸರುಗಳ ವಿಷಯವೂ ಹೀಗೆಯೇ. ಮೊಬೈಲು ಗುಡ್ಡದ ತಲೆಯ ಮೇಲೆ ತೇಲಿಸುವ ಹೆಸರು ಯಾರೋ ಎಲ್ಲಿಯೋ ಕುಳಿತು ನಕ್ಷೆಗೆ ಬರೆದದ್ದು. ‘ಅಡ್ಕ’ ಎಂದರೆ ಎತ್ತರದ ಬಯಲು ನೆಲ. ‘ಬೈಲು’ ತಗ್ಗಿನ ನೀರಿನ ಗದ್ದೆ. ‘ಮಜಲು’ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಹೆಸರನ್ನು ಕೇಳಿದರೆ ನೀರೆಲ್ಲಿ ಸಿಗಬಹುದೆಂದು ಹೇಳಬಹುದು. ಅಕ್ಷರ ತಪ್ಪಾಗಿ ಬಿದ್ದರೆ ಆ ಅರ್ಥವೂ ಹೋಗುತ್ತದೆ. 2021ರಲ್ಲಿ ನಮ್ಮ ಜಿಲ್ಲೆಯ ಕೆಲವು ಊರುಗಳ ಕನ್ನಡ ಹೆಸರುಗಳು ಬದಲಾಗುತ್ತವೆಯೆಂಬ ಸುದ್ದಿ ಹಬ್ಬಿ ದೊಡ್ಡ ಚರ್ಚೆಯಾಯಿತು. ಅಂತಹ ನಿರ್ಧಾರವಿಲ್ಲವೆಂದು ಕೇರಳದ ಅಧಿಕಾರಿಗಳು ತಿಳಿಸಿದರು. ಅದಿರಲಿ. 2004ರಲ್ಲಿ ಆರಂಭವಾದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಒಂದೇ ಊರಿಗೆ ಕನ್ನಡ, ಮಲಯಾಳ, ತುಳು ಹೆಸರುಗಳನ್ನು ಬೇರೆಬೇರೆಯಾಗಿ ಬರೆಯಲು ಸ್ಥಳವಿದೆ. ಯಾರು ಬೇಕಾದರೂ ಬರೆಯಬಹುದು. ಎಷ್ಟು ಮಂದಿ ಬರೆದಿದ್ದೇವೆಂಬುದನ್ನು ನಾವು ನಾವೇ ಕೇಳಿಕೊಳ್ಳಬೇಕು.

ಪ್ರಶ್ನೆ ಕೇಳಿದ ಹುಡುಗಿಯೂ ಅವಳ ಆರು ಮಂದಿ ಸಹಪಾಠಿಗಳೂ ಸೇರಿ ಕಳೆದ ದಸರಾ ರಜೆಯಲ್ಲಿ ಒಂದು ಸುರಂಗವನ್ನು ಅಳೆಯುವ ಪ್ರಯತ್ನ ಮಾಡಿದರು. ಮಕ್ಕಳು ಸುರಂಗದೊಳಕ್ಕೆ ಹೋಗಕೂಡದೆಂಬುದು ಮೊದಲ ನಿಯಮವಾಗಿತ್ತು; ಒಳಗೆ ಉಸಿರಾಡುವ ಗಾಳಿ ಕಡಿಮೆಯಾಗುವುದುಂಟು, ಮಾಡು ಕಳಚುವುದುಂಟು, ಹಾವುಗಳೂ ಇರುತ್ತವೆ. ಒಳಗೆ ಹೋದವರು ಎಪ್ಪತ್ತು ದಾಟಿದ, ಸುರಂಗ ತೋಡಿಯೇ ಬಾಳಿದ ಒಬ್ಬ ಅಜ್ಜ ಮತ್ತು ಅವರ ಮಗ. ಅಜ್ಜನವರು ಹಳೆಯ ಕ್ರಮದಂತೆ ಹಚ್ಚಿದ ದೀಪವನ್ನು ಮುಂದೆ ಹಿಡಿದೇ ನಡೆದರು. ದೀಪ ಸಣ್ಣಗಾದರೆ ಹಿಂತಿರುಗುವುದೆಂದು ಲೆಕ್ಕ. ಹೊರಗೆ ಸುರಂಗದ ಬಾಯಿಯಲ್ಲಿ ಮಕ್ಕಳು ಮೊಬೈಲನ್ನು ಕಾಲು ಗಂಟೆ ಅಲುಗದಂತಿಟ್ಟು ಅದು ಹೇಳಿದ ಸ್ಥಾನಗಳ ಸರಾಸರಿಯನ್ನು ತೆಗೆದರು. ಸ್ಥಾನವನ್ನು ಬರೆಯುವಾಗ ದಶಾಂಶದ ಬಳಿಕ ಐದು ಅಂಕೆಗಳು ಬೇಕು. ನಾಲ್ಕಕ್ಕೆ ನಿಲ್ಲಿಸಿದರೆ 11 ಮೀಟರಿನಷ್ಟು ಸಂದೇಹ ಉಳಿಯುತ್ತದೆ; ಎರಡಕ್ಕೆ ನಿಲ್ಲಿಸಿದರೆ ಒಂದು ಕಿಲೋಮೀಟರಿಗಿಂತ ಹೆಚ್ಚು. ಒಳಗೆ ಅಜ್ಜನವರ ಮಗ ಹಗ್ಗದಿಂದ ದೂರವನ್ನೂ, ಪ್ರತಿಯೊಂದು ತಿರುವಿನಲ್ಲಿ ದಿಕ್ಸೂಚಿಯಿಂದ ದಿಕ್ಕನ್ನೂ ತೆಗೆದುಕೊಂಡು ಕೂಗಿ ಹೇಳಿದರು. ಹುಡುಗಿ ಪುಸ್ತಕದಲ್ಲಿ ಬರೆದುಕೊಂಡಳು.

ಅಳೆಯುವ ಮೊದಲೇ ಅಜ್ಜನವರು, “ಅರುವತ್ತನಾಲ್ಕು ಕೋಲು ಉಂಟು, ಮಗಾ” ಎಂದಿದ್ದರು. ನಮ್ಮಲ್ಲಿ ಒಂದು ಕೋಲೆಂದರೆ ಸುಮಾರು 72 ಸೆಂಟಿಮೀಟರು. ಹಗ್ಗದ ಲೆಕ್ಕ 46 ಮೀಟರಾಯಿತು. ನಲುವತ್ತು ವರ್ಷಗಳ ಹಿಂದಿನ ಅಳತೆ ಅವರ ನೆನಪಿನಲ್ಲಿ ಒಂದು ಮೊಳವೂ ತಪ್ಪಿರಲಿಲ್ಲ. ದಿಕ್ಸೂಚಿ 3 ಡಿಗ್ರಿ ತಪ್ಪಿದರೂ ಇಷ್ಟು ಉದ್ದಕ್ಕೆ ಸುರಂಗದ ತುದಿ ಸುಮಾರು 2.4 ಮೀಟರು ಬದಿಗೆ ಸರಿಯುತ್ತದೆ. ಬಾಯಿಯ ಸ್ಥಾನದಲ್ಲಿಯೇ 5 ಮೀಟರಿನ ಸಂದೇಹವುಂಟು. ಎತ್ತರದ ವಿಷಯದಲ್ಲಿ ಉಪಗ್ರಹದ ಮಾತು ಇನ್ನೂ ಸಡಿಲವಾದುದರಿಂದ ಆಳವನ್ನು ನೀರುಮಟ್ಟದ ಕೊಳವೆಯಿಂದಲೇ ತೆಗೆದರು. ಹೀಗೆ ಸಿಕ್ಕಿದ ಬಿಂದುಗಳನ್ನು ಮೊಬೈಲಿಗೆ ಒದಗಿಸಿ ಗುಡ್ಡವನ್ನೇರಿ ನೋಡಿದಾಗ ನೆಲದ ಮೇಲೆ ಕೆಂಪು ಗೆರೆಯೊಂದು ಎರಡು ಕಡೆ ತಿರುಗಿ ಗೇರುಮರಗಳ ನಡುವೆ ಹೋಗುತ್ತಿದ್ದುದು ಪರದೆಯ ಮೇಲೆ ಕಂಡಿತು. ಮಕ್ಕಳು ಕೇಕೆ ಹಾಕಿದರು. ಗೆರೆ ನಿಂತದ್ದು ಒಂದು ಹಲಸಿನ ಮರದಿಂದ ಕೆಳಗೆ.

ಅಜ್ಜನವರು ಪರದೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಾಲ್ಕು ಹೆಜ್ಜೆ ಮೇಲಕ್ಕೆ ನಡೆದು, ಹಲಸಿನ ಮರದ ಆಚೆಯ ಬೇರಿನ ಬಳಿ ಕಾಲನ್ನು ಊರಿ, “ಇಲ್ಲಿ. ತುದಿಯಲ್ಲಿ ಈ ಬೇರು ಕೆಳಗೆ ಇಳಿದದ್ದನ್ನು ನಾನು ಕಡಿದಿದ್ದೇನೆ” ಎಂದರು. ಹುಡುಗಿ ಎರಡು ಸ್ಥಾನಗಳನ್ನೂ ಪುಸ್ತಕದಲ್ಲಿ ಬರೆದು, ಮೊದಲನೆಯದರ ಮುಂದೆ ‘ಮೊಬೈಲು’ ಎಂದೂ ಎರಡನೆಯದರ ಮುಂದೆ ‘ಅಜ್ಜ’ ಎಂದೂ ಗುರುತು ಹಾಕಿದಳು. ಆ ಪುಸ್ತಕ ಈಗ ಶಾಲೆಯ ವಾಚನಾಲಯದಲ್ಲಿದೆ. ಅದರಲ್ಲಿ ಒಂದು ಸುರಂಗವಷ್ಟೇ ಇದೆ. ತಮ್ಮ ಹಿತ್ತಿಲಿನಲ್ಲಿ ಸುರಂಗವಿರುವ ಹೆತ್ತವರು ಬೇಸಗೆ ರಜೆಯೊಳಗೆ ತಿಳಿಸಿದರೆ ಹಗ್ಗವನ್ನೂ ದಿಕ್ಸೂಚಿಯನ್ನೂ ಹಿಡಿದು ಅಲ್ಲಿಗೆ ಬರುತ್ತೇವೆ.